ಸೊನ್ನೆ ಬರೆದ ಮೂಗು

ಮೇಷ್ಟ್ರು ಅಂದರೆ ಪಾಠ ಹೇಳುವ ಮೇಷ್ಟ್ರಲ್ಲ, ಮೂಸುವ ಮೇಷ್ಟ್ರು. ನಗಬೇಡಿ, ಅದೂ ಒಂದು ನೌಕರಿಯೇ. ಊರಿನ ಗಾಳಿ ನೋಡಿಕೊಳ್ಳುವ ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ಅವರು ಮಾಡುತ್ತಿರುವುದು ಅದನ್ನೇ. ಯಾವುದೋ ಕಾರ್ಖಾನೆಯಿಂದ ಕೆಟ್ಟ ವಾಸನೆ ಬರುತ್ತಿದೆ ಎಂದು ಜನ ಅರ್ಜಿ ಕೊಟ್ಟರೆ, ಮೂರು ಜನರ ತಂಡವೊಂದು ವ್ಯಾನಿನಲ್ಲಿ ಹೋಗಿ, ಅಲ್ಲಿ ನಿಂತು ಉಸಿರೆಳೆದು, ಸೊನ್ನೆಯಿಂದ ಐದರವರೆಗೆ ಒಂದು ಅಂಕ ಬರೆಯಬೇಕು. ಸೊನ್ನೆ ಎಂದರೆ ವಾಸನೆ ಇಲ್ಲ. ಐದು ಎಂದರೆ ಅಲ್ಲಿ ನಿಲ್ಲುವುದೇ ಸಾಧ್ಯವಿಲ್ಲ. ಇದಕ್ಕೂ ಸಂಬಳ ಕೊಡುತ್ತಾರೆಯೇ ಎಂದು ಮದುವೆಗೆ ಮುಂಚೆ ಮಾವನವರು ಮೂಗಿನ ಮೇಲೆ ಬೆರಳಿಟ್ಟುಕೊಂಡು ಕೇಳಿದ್ದರಂತೆ. ಕೊಡುತ್ತಾರೆ. ಗಾಳಿ ಅಳೆಯುವ ಯಂತ್ರವೂ ಇದೆ, ಆದರೆ ಏಳು ಊರಿಗೆ ಒಂದೇ ಒಂದು. ತಂಡದ ಮೂಗು ಹೌದು ಎಂದ ಮೇಲೆಯೇ ಆ ಯಂತ್ರ ಹೊರಡುವುದು. ಒಂದೇ ಅರ್ಜಿಗೆ ಐದು ಸಲ ಸೊನ್ನೆ ಬಂದರೆ ಕಡತ ಮುಚ್ಚುವುದು. ಈ ನಿಯಮ ಮಾಡಿದ ಪುಣ್ಯಾತ್ಮನ ಮನೆ ಯಾವ ಕಾರ್ಖಾನೆಯ ಹಿಂದೆಯೂ ಇರಲಿಲ್ಲ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಮೇಷ್ಟ್ರ ಮೂಗು ಅಂತಿಂಥ ಮೂಗಲ್ಲ. ಮುಚ್ಚಿದ ಕೋಣೆಗೆ ಕಾಲಿಟ್ಟು, ನಿನ್ನೆ ಇಲ್ಲಿ ಯಾರೋ ಕಿತ್ತಳೆ ಸುಲಿದಿದ್ದಾರೆ ಎನ್ನುವರು. ಹೊಸದಾಗಿ ಸೇರಿದವರಿಗೆಲ್ಲ ಕಲಿಸಿದವರು ಅವರೇ. ಹಾಗಾಗಿಯೇ ಆ ಹೆಸರು. ಕಚೇರಿಯ ಗಾಜಿನ ಬೀರುವಿನಲ್ಲಿ ಬೆರಳುದ್ದದ ಕಂದು ಬಾಟಲಿಗಳು ಸಾಲಾಗಿ ನಿಂತಿದ್ದವು. ಪ್ರತಿಯೊಂದರಲ್ಲೂ ಒಂದೊಂದು ಕೆಟ್ಟ ವಾಸನೆಯ ಮಾದರಿ. ಮಿಕ್ಕವರು ವರ್ಷಕ್ಕೊಮ್ಮೆ ಪರೀಕ್ಷೆಯ ದಿನ ಅವುಗಳ ಮುಚ್ಚಳ ತೆಗೆದರೆ ಹೆಚ್ಚು. ಮೇಷ್ಟ್ರದು ದಿನದ ಸಾಧನೆ. ಹಾಡುವವರು ಬೆಳಗ್ಗೆ ಎದ್ದು ಗಂಟಲು ಸರಿ ಮಾಡಿಕೊಳ್ಳುವಂತೆ, ಇವರು ಬಂದ ಕೂಡಲೇ ಅಂಗಿಯ ತೋಳು ಮಡಚಿ ಬಾಟಲಿಗಳನ್ನು ಒಂದೊಂದಾಗಿ ಮೂಸುವರು. ಅದರಲ್ಲೂ ಕೊಳೆತ ಮೊಟ್ಟೆಯ ವಾಸನೆಯ ಬಾಟಲಿಗೆ ಈ ಎರಡು ವರ್ಷದಿಂದ ವಿಶೇಷ ಮರ್ಯಾದೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ದಿನಕ್ಕೆ ಮೂರು ಸಲ. ಅದು ಬಣ್ಣದ ಕಾರ್ಖಾನೆಯಿಂದ ಬರುವ ಅನಿಲದ ವಾಸನೆ, ಆ ಕಾರ್ಖಾನೆಯ ಮೇಲೆ ಅರ್ಜಿ ಇತ್ತು. ಅರ್ಜಿ ಕೊಟ್ಟವಳು ಅವರ ಒಡಹುಟ್ಟಿದ ಅಕ್ಕ. ಅಕ್ಕನ ವಿಷಯದಲ್ಲಿ ಎಲ್ಲೂ ತಪ್ಪಾಗಬಾರದು ಎಂದು ಪಾಪ, ಅವರಿಗೆ ಅಷ್ಟು ಕಾಳಜಿ.

ತಾಯಿ ತೀರಿಕೊಂಡಾಗ ಮೇಷ್ಟ್ರಿಗೆ ಆರು, ಅಕ್ಕನಿಗೆ ಹದಿನೈದು. ಎತ್ತಿ ಆಡಿಸಿ ದೊಡ್ಡವರನ್ನಾಗಿ ಮಾಡಿದ್ದು ಅವಳೇ. ಅವಳ ಮನೆ ಇರುವುದು ಬಣ್ಣದ ಕಾರ್ಖಾನೆಯ ಹಿಂಗೋಡೆಗೆ ಅಂಟಿಕೊಂಡ ಓಣಿಯ ಕೊನೆಯಲ್ಲಿ. ಭಾವ ದರ್ಜಿ. ಹೊಲಿಗೆ ಯಂತ್ರ ಕಿಟಕಿಯ ಬಳಿ, ಕಿಟಕಿಯಾಚೆ ಆರು ಅಡಿಗೆ ಕಾರ್ಖಾನೆಯ ಗೋಡೆ. ವಾಸನೆಗೆ ತಲೆನೋವು, ವಾಂತಿ, ಕಣ್ಣುರಿ ಎಂದು ಅಕ್ಕ ಅರ್ಜಿ ಬರೆದು, ಇಪ್ಪತ್ತು ಮನೆಯವರ ಸಹಿ ಹಾಕಿಸಿದ್ದಳು. ತಂಡ ನಾಲ್ಕು ಸಲ ಹೋಗಿ ಬಂತು. ನಾಲ್ಕು ಸಲವೂ ಮೂವರದೂ ಸೊನ್ನೆ.

ಐದನೆಯ ಸಲ ಹೋಗುವುದು ಬುಧವಾರ ಎಂದು ಗೊತ್ತಾಗಿತ್ತು. ಅದಕ್ಕೆ ಮುಂಚಿನ ಭಾನುವಾರ ಮೇಷ್ಟ್ರು ಅಕ್ಕನ ಮನೆಗೆ ಹೋದರು.

"ಬಾರೋ," ಎಂದಳು ಅಕ್ಕ ಬಾಗಿಲಲ್ಲೇ. "ಮೂಗು ತಂದಿದೀಯಾ, ಮನೇಲೇ ಬಿಟ್ಟು ಬಂದ್ಯಾ?"

ಮೇಷ್ಟ್ರು ಚಪ್ಪಲಿ ಬಿಟ್ಟು ಒಳಗೆ ಬಂದರು. ಭಾವನ ಎಡಗೈ ತೋರುಬೆರಳಿಗೆ ಬಟ್ಟೆ ಸುತ್ತಿತ್ತು.

"ಗುರುವಾರ ಹೊಲೀತಾ ಹೊಲೀತಾ ಮಷೀನ್ ಮೇಲೆ ಹಾಗೇ ತಲೆ ಇಟ್ಟುಬಿಟ್ರು," ಎಂದಳು ಅಕ್ಕ. "ಸೂಜಿ ಬೆರಳಲ್ಲೇ ಇಳಿದಿದೆ, ಇವರಿಗೆ ಎಚ್ಚರ ಇಲ್ಲ. ಇದು ಎರಡನೇ ಸಲ. ಡಾಕ್ಟ್ರು ಕೇಳಿದ್ರು, ಮನೆ ಹತ್ರ ಏನಾದ್ರೂ ಅನಿಲ ಗಿನಿಲ ಇದೆಯಾ ಅಂತ. ಇದೆ ಅಂದೆ. ಹಾಗಿದ್ರೆ ಕಚೇರಿಯವರು ಬರೆದಿರೋ ಚೀಟಿ ತನ್ನಿ ಅಂದ್ರು. ಏನಿದೆ ಆ ಚೀಟೀಲಿ? ನನ್ನ ತಮ್ಮನ ದುಂಡಗಿನ ಅಕ್ಷರದಲ್ಲಿ ಒಂದು ದುಂಡಗಿನ ಸೊನ್ನೆ."

ಮೇಷ್ಟ್ರು ಕಿಟಕಿಗೆ ಹೋಗಿ ಕಣ್ಣು ಮುಚ್ಚಿ ಉಸಿರೆಳೆದರು. ಬಟ್ಟೆಗೆ ಹಾಕಿದ ಗಂಜಿ, ಯಂತ್ರದ ಎಣ್ಣೆ, ಇಸ್ತ್ರಿಪೆಟ್ಟಿಗೆಯ ಬಿಸಿ, ಗೋಡೆಯ ಪಾಚಿ, ಪಕ್ಕದ ಮನೆಯವರು ಹುರಿಯುತ್ತಿದ್ದ ಈರುಳ್ಳಿ, ಎಲ್ಲ ಒಂದೊಂದಾಗಿ ಬಂದವು. ಕೊಳೆತ ಮೊಟ್ಟೆ ಬರಲಿಲ್ಲ.

"ಅಕ್ಕ, ನನ್ನಾಣೆಗೂ ಏನೂ ಇಲ್ಲ."

"ನಿನ್ನಾಣೆ ಇಟ್ಕೊಂಡು ನಾನೇನು ಮಾಡ್ಲಿ? ಶೀತ ಆದಾಗಲೆಲ್ಲ ಆ ಮೂಗು ಒರೆಸಿದ್ದು ನಾನು ಕಣೋ. ಈಗ ಅದೇ ಮೂಗು ನನ್ನ ಸುಳ್ಳಿ ಅನ್ನುತ್ತೆ."

"ಬಿಡೇ," ಎಂದರು ಭಾವ ಮೆಲ್ಲಗೆ. "ಅವನ ಕೆಲಸ ಅವನು ಮಾಡ್ತಾನೆ. ನನಗೂ ಈಚೀಚೆಗೆ ಮೊದಲಿನಷ್ಟು ಬರಲ್ಲ. ಕಡಿಮೆ ಆಗಿದೆಯೋ ಏನೋ."

ಅಕ್ಕ ಗಂಡನನ್ನು ದುರುಗುಟ್ಟಿ ನೋಡಿ ಒಳಗೆ ಹೋದಳು. ಊಟಕ್ಕೆ ಕೂರು ಎನ್ನಲಿಲ್ಲ. ಐವತ್ತು ವರ್ಷದಲ್ಲಿ ಮೊದಲ ಸಲ ಮೇಷ್ಟ್ರು ಅಕ್ಕನ ಮನೆಯಿಂದ ಹಸಿದ ಹೊಟ್ಟೆಯಲ್ಲಿ ಹೊರಟರು.

ಮನೆಗೆ ಬಂದವರೇ ಹೆಂಡತಿಯನ್ನು ಕೂಗಿ, ತಮ್ಮ ಕಣ್ಣಿಗೆ ಟವೆಲ್ ಕಟ್ಟು ಎಂದರು. ಏನು ಬೇಕಾದರೂ ತಂದು ಮೂಗಿಗೆ ಹಿಡಿ ಎಂದರು. ಆಕೆ ನಿಂಬೆಹಣ್ಣು ತಂದರು, ಸೀಮೆಎಣ್ಣೆ ತಂದರು, ಬೂಟ್ ಪಾಲಿಶ್ ತಂದರು, ಹಳೆಯ ಪುಸ್ತಕ ತಂದರು. ಮೇಷ್ಟ್ರು ಎಲ್ಲವನ್ನೂ ಥಟ್ಟನೆ ಹೇಳಿಬಿಟ್ಟರು. ಸೋಪು ಹಿಡಿದಾಗ, ಇದು ನಮ್ಮ ಮಾಮೂಲಿ ಸೋಪಲ್ಲ, ಬೇರೆ ತಂದಿದ್ದೀಯ ಎಂದೂ ಹೇಳಿದರು. ಆಕೆ ತಂದದ್ದು ನಿಜ.

"ಹಾಗಾದ್ರೆ ನನ್ನ ಮೂಗು ಸರಿ ಇದೆ," ಎಂದರು ಟವೆಲ್ ಬಿಚ್ಚುತ್ತ. ಸಂತೋಷವಾಗಬೇಕಿತ್ತು, ಆಗಲಿಲ್ಲ. "ಅಂದ್ರೆ ಅಕ್ಕ ಸುಳ್ಳು ಹೇಳ್ತಿದಾಳೆ. ಅಕ್ಕ ಸುಳ್ಳು ಹೇಳೋಳಲ್ಲ. ಅಂದ್ರೆ ನನ್ನ ಮೂಗು ಸರಿ ಇಲ್ಲ. ಆದ್ರೆ ಮೂಗು ಸರಿ ಇದೆ."

"ಇಬ್ಬರೂ ನಿಜ ಹೇಳ್ತಿದೀರಿ ಅಂತ ಇಟ್ಕೊಳ್ಳಿ," ಎಂದರು ಹೆಂಡತಿ, ನಿಂಬೆಹಣ್ಣನ್ನು ಬುಟ್ಟಿಗೆ ಹಾಕುತ್ತ.

"ಅದು ಹೇಗೆ ಸಾಧ್ಯ?"

"ನನಗೇನ್ರೀ ಗೊತ್ತು? ನಾನು ಸಂಬಳ ತಗೊಂಡು ಮೂಸೋಳಲ್ಲ."

ಎರಡು ದಿನ ಮೇಷ್ಟ್ರಿಗೆ ತಲೆ ಬುಡ ತಿಳಿಯಲಿಲ್ಲ. ಬಸ್ಸಿನಲ್ಲಿ ಕೂತು ಪಕ್ಕದವರ ಕೊರಳ ಬಳಿ ಮೂಗು ಒಯ್ದು ಬೈಸಿಕೊಂಡರು. ಅಕ್ಕನಿಗೆ ವಯಸ್ಸಾಯಿತು, ಭ್ರಮೆ ಇರಬಹುದು ಎಂದುಕೊಳ್ಳುವರು. ಹಾಗೆ ಅಂದುಕೊಂಡದ್ದಕ್ಕೆ ನಾಚಿಕೊಳ್ಳುವರು. ಇಪ್ಪತ್ತು ಮನೆಯವರಿಗೂ ಒಟ್ಟಿಗೆ ಭ್ರಮೆಯೇ? ಹಾಗಾದರೆ ತಂಡದ ಮೂವರಿಗೂ ಒಟ್ಟಿಗೆ ಮೂಗು ಕೆಟ್ಟಿತೇ? ತನ್ನೊಬ್ಬನ ಮೂಗು ಎಡವಬಹುದು, ಆದರೆ ಮೂವರೂ ಬೇರೆ ಬೇರೆಯಾಗಿ ಬರೆದದ್ದು ಸೊನ್ನೆಯೇ ಅಲ್ಲವೇ. ಈ ಒಂದು ಮಾತು ಹಿಡಿದುಕೊಂಡು ಬುಧವಾರ ಬೆಳಗ್ಗೆ ಕಚೇರಿಗೆ ಹೋದರು.

ತಂಡದ ಇನ್ನಿಬ್ಬರ ವಿಷಯ ಹೇಳಿಬಿಡುತ್ತೇನೆ. ಒಬ್ಬ ಕನ್ನಡಕದವನು, ಮೇಷ್ಟ್ರ ಕೈಕೆಳಗೇ ಕಲಿತು ಹನ್ನೊಂದು ವರ್ಷವಾದವನು, ಮೇಷ್ಟ್ರು ಕೂತಲ್ಲಿ ಕೂರದಷ್ಟು ವಿನಯದವನು. ಮೂರನೆಯವರು ಹೋದ ತಿಂಗಳು ನಿವೃತ್ತರಾದ್ದರಿಂದ ಆ ಜಾಗಕ್ಕೆ ಹೊಸಬಳೊಬ್ಬಳು ಬಂದಿದ್ದಳು. ನಲವತ್ತೈದರ ಹೆಂಗಸು, ಇಪ್ಪತ್ತು ವರ್ಷ ಬೇಕರಿಯಲ್ಲಿ ಒಲೆ ನೋಡಿಕೊಂಡವಳು. ಬನ್ನು ಸೀಯುವುದನ್ನು ಗೋಡೆಯಾಚೆಯಿಂದಲೇ ಹೇಳುತ್ತಿದ್ದಳಂತೆ. ಎಲ್ಲರೂ ಅವಳನ್ನು ಬೇಕರಿಯಮ್ಮ ಎಂದೇ ಕರೆಯುತ್ತಿದ್ದರು. ಅವಳಿಗೆ ಕಚೇರಿಯ ರೀತಿನೀತಿ ಇನ್ನೂ ತಿಳಿದಿರಲಿಲ್ಲ.

ಮೇಷ್ಟ್ರು ಎಂದಿನಂತೆ ಸಾಧನೆಗೆ ಕೂತು, ಕೊಳೆತ ಮೊಟ್ಟೆಯ ಬಾಟಲಿ ತೆರೆದು ಮೂಸಿ ಮುಖ ಸಿಂಡರಿಸಿದರು.

"ಇದೂ ಸಪ್ಪೆಯಾಯ್ತು. ಎರಡು ವರ್ಷದಲ್ಲಿ ನಾಲ್ಕು ಬಾಟಲಿ ತರಿಸಿದೀನಿ, ಒಂದೂ ಆರು ತಿಂಗಳು ನಿಲ್ಲಲ್ಲ. ಉಗ್ರಾಣದವನು ನೀರು ತುಂಬಿ ಕೊಡ್ತಾನೋ ಏನೋ." ಹಾಗೆನ್ನುತ್ತ ಬಾಟಲಿಯನ್ನು ಬೇಕರಿಯಮ್ಮನ ಕಡೆ ಚಾಚಿದರು. "ನೋಡಮ್ಮ ನೀನೇ."

ಬೇಕರಿಯಮ್ಮ ಬಾಗಿ ಮೂಸಿದಳು. ಮರುಕ್ಷಣ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಕಿಟಕಿಗೆ ಓಡಿದಳು. ಕೆಮ್ಮಿದಳು, ಕಣ್ಣಲ್ಲಿ ನೀರು ತಂದುಕೊಂಡಳು.

"ಸಪ್ಪೆನಾ? ಅಯ್ಯಪ್ಪಾ! ಕರುಳು ಬಾಯಿಗೆ ಬಂತಲ್ಲ ಮೇಷ್ಟ್ರೇ! ಮುಚ್ಚಳ ಹಾಕಿ ಮೊದಲು!"

ಮೇಷ್ಟ್ರು ಅವಳನ್ನೂ ಬಾಟಲಿಯನ್ನೂ ನೋಡಿದರು. ಹೊಸಬಳು, ಸ್ವಲ್ಪ ನಾಟಕ ಜಾಸ್ತಿ ಎಂದುಕೊಂಡು ಕನ್ನಡಕದವನತ್ತ ಹಿಡಿದರು. ಅವನು ಮೂಸಲಿಲ್ಲ, ಮೂಸುವ ಮೊದಲೇ ಮುಖ ಆಚೆ ತಿರುಗಿಸಿದ್ದ.

"ನಿನಗೆ ಬರುತ್ತಾ?" ಎಂದು ಕೇಳಿದರು ಮೇಷ್ಟ್ರು.

ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸತೊಡಗಿದ.

"ಕೇಳಿದ್ದು ನಿನ್ನನ್ನೇ."

"ಬರುತ್ತೆ ಸಾರ್."

"ಅಕ್ಕನ ಓಣೀಲೂ ಬರ್ತಿತ್ತಾ?"

"ಬರ್ತಿತ್ತು ಸಾರ್. ನಾಲ್ಕು ಸಲಾನೂ."

"ಮತ್ತೆ ಸೊನ್ನೆ ಯಾಕೋ ಬರೆದೆ?"

"ನೀವು ಸೊನ್ನೆ ಬರೆದಿದ್ರಿ ಸಾರ್." ಅವನು ಕನ್ನಡಕ ಮತ್ತೆ ಹಾಕಿಕೊಂಡ. "ನಿಮ್ಮ ಹಾಳೆ ನನಗೆ ಕಾಣ್ತಿತ್ತು. ನಿಮಗೇ ಬರ್ಲಿಲ್ಲ ಅಂದ್ಮೇಲೆ ನನ್ನ ಮೂಗೇ ಸರಿ ಇಲ್ಲ ಅನ್ಕೊಂಡೆ. ಒಂದು ಸಲ ಮೂಗಿನ ಡಾಕ್ಟ್ರಿಗೂ ತೋರಿಸ್ಕೊಂಡು ಬಂದೆ. ಹಿಂದಿನವರೂ ಹಾಗೇ ಸಾರ್, ನಿಮ್ಮದು ನೋಡಿ ಬರೆದಿದ್ದು."

ಮೇಷ್ಟ್ರು ಬಾಟಲಿಯನ್ನು ಮತ್ತೆ ಮೂಗಿನ ಹತ್ತಿರ ತಂದರು. ಬಾಟಲಿಯ ಬಾಯಿ ಮೂಗಿನ ಹೊಳ್ಳೆಗೆ ತಾಗುವಷ್ಟು ಹತ್ತಿರ ತಂದು ಎಳೆದರು. ನೀರು. ಬರೀ ನೀರು. ಲೋಕದ ಎಲ್ಲ ವಾಸನೆಗೂ ತೆರೆದಿದ್ದ ಬಾಗಿಲು ಇದೊಂದಕ್ಕೆ ಮಾತ್ರ ಮುಚ್ಚಿತ್ತು, ಅದನ್ನು ಮುಚ್ಚಿದ್ದು ಅವರೇ. ತಪ್ಪಬಾರದೆಂದು ದಿನಕ್ಕೆ ಮೂರು ಸಲ ಮೂಸಿ ಮೂಸಿ, ಮೂಗಿಗೆ ಆ ವಾಸನೆಯನ್ನೇ ಮರೆಸಿಬಿಟ್ಟಿದ್ದರು. ಶ್ರದ್ಧೆ ಇಲ್ಲದವನಾಗಿದ್ದರೆ ಈ ಗತಿ ಬರುತ್ತಿರಲಿಲ್ಲ. ಇದಕ್ಕೆ ನಗಬೇಕೋ ಅಳಬೇಕೋ ಹೇಳಿ.

ಮೇಷ್ಟ್ರಿಗೆ ಎರಡೂ ಆಗಲಿಲ್ಲ. ಭಾವನ ಬೆರಳು ಕಣ್ಣಿಗೆ ಕಟ್ಟಿತು. "ವ್ಯಾನ್ ತೆಗೀರಿ," ಎಂದರು. "ಇವತ್ತು ನಾನು ಕೊನೇಲಿ ಬರೀತೀನಿ. ನೀವಿಬ್ಬರು ಏನು ಬರೀತೀರೋ ಅದು. ಇಲ್ಲ, ಅಕ್ಕನ್ನೇ ಕೇಳಿ ಬರೀತೀನಿ."

ದಾರಿಯಲ್ಲಿ ಅವರಿಗೆ ಒಂದು ಬಗೆಯ ಸಮಾಧಾನವೂ ಆಯಿತು ಎನ್ನಬೇಕು. ಏನಾದರಾಗಲಿ, ಗಂಟು ಬಿಚ್ಚಿತು. ತಾನು ತಪ್ಪು, ಅಕ್ಕ ಸರಿ. ಕಾಲಿಗೆ ಬಿದ್ದರೆ ಮುಗಿಯಿತು. ಅವಳು ನಾಲ್ಕು ಬೈಗುಳ ಬೈದು ಊಟ ಹಾಕುತ್ತಾಳೆ. ಇಂದು ಅಂಕ ಬಿದ್ದರೆ ನಾಳೆ ಯಂತ್ರ ಬರುತ್ತದೆ, ನಾಳಿದ್ದು ಕಾರ್ಖಾನೆಗೆ ಬೀಗ.

ಓಣಿಯ ಬಾಯಲ್ಲಿ ವ್ಯಾನ್ ನಿಂತಿತು. ಹತ್ತೂವರೆಯ ಬಿಸಿಲು, ಎಲೆ ಅಲುಗದಷ್ಟು ಸ್ತಬ್ಧ ಗಾಳಿ. ಬೇಕರಿಯಮ್ಮ ಇಳಿದವಳೇ ಕರವಸ್ತ್ರ ಮೂಗಿಗೆ ಒತ್ತಿಕೊಂಡು, "ಇಲ್ಲೇ ಇಷ್ಟಿದೆಯಲ್ಲ!" ಎಂದಳು. ಕನ್ನಡಕದವನು ಈ ಸಲ ಧೈರ್ಯವಾಗಿ ತಲೆಯಾಡಿಸಿದ. ಮೇಷ್ಟ್ರಿಗೆ ಬಂದದ್ದು ಯಾರೋ ಒಣಹಾಕಿದ ಬಟ್ಟೆಯ ವಾಸನೆ ಮಾತ್ರ. ಮೂವರೂ ಒಳಗೆ ನಡೆದರು. ಏಳೆಂಟು ಮನೆ ದಾಟುವಷ್ಟರಲ್ಲಿ ಬೇಕರಿಯಮ್ಮ ಕರವಸ್ತ್ರ ಇಳಿಸಿದಳು.

"ಅರೆ, ಹೋಯ್ತು."

"ಏನು ಹೋಯ್ತು?"

"ವಾಸನೆ. ಪೂರ್ತಿ ನಿಂತೋಯ್ತು. ಗಾಳಿ ತಿರುಗಿರಬೇಕು."

"ಹೌದು ಸಾರ್, ನನಗೂ ಇಲ್ಲ," ಎಂದ ಕನ್ನಡಕದವನು. ಆದರೆ ಅವನು ಕಣ್ಣುಜ್ಜಿಕೊಳ್ಳುತ್ತಿದ್ದ.

ಮೇಷ್ಟ್ರು ಮೇಲೆ ನೋಡಿದರು. ಹಗ್ಗದ ಮೇಲಿನ ಬಟ್ಟೆಯ ಒಂದು ಎಳೆಯೂ ಅಲುಗುತ್ತಿರಲಿಲ್ಲ. ಗಾಳಿ ಇದ್ದರೆ ತಾನೇ ತಿರುಗುವುದು? ಹೊಸಬರಿಗೆ ಪಾಠದ ಮೊದಲ ದಿನವೇ ತಾವು ಓದಿ ಹೇಳುವ ಸಾಲು ಆಗ ಅವರಿಗೆ ನೆನಪಾಯಿತು. ಈ ಅನಿಲ ಸ್ವಲ್ಪ ಇದ್ದಾಗ ನಾರುತ್ತದೆ, ಹೆಚ್ಚಾದಾಗ ಮೊದಲು ಮೂಗನ್ನೇ ಕೊಲ್ಲುತ್ತದೆ. ಹದಿನೈದು ವರ್ಷ ಬಾಯಿಪಾಠ ಒಪ್ಪಿಸಿದ್ದರು. ಅದರ ಅರ್ಥ ತಾಗಿದ್ದು ಈಗ.

"ಹಿಂದಕ್ಕೆ ಓಡಿ," ಎಂದರು. "ಓಡ್ರೋ! ಅಗ್ನಿಶಾಮಕದವರಿಗೆ ಫೋನ್ ಮಾಡಿ. ಮುಖಕ್ಕೆ ಹಾಕೋ ಗಾಳಿಡಬ್ಬ ತರೋಕೆ ಹೇಳಿ. ಓಣಿ ಒಳಗೆ ಯಾರನ್ನೂ ಬಿಡಬೇಡಿ."

"ವಾಸನೆ ಇಲ್ವಲ್ಲ ಮೇಷ್ಟ್ರೇ!"

"ಅದಕ್ಕೇ ಓಡು ಅಂದಿದ್ದು!"

ಅವರು ಮಾತ್ರ ಮುಂದಕ್ಕೆ ಓಡಿದರು. ಸಿಕ್ಕ ಸಿಕ್ಕ ಬಾಗಿಲು ಬಡಿದರು. "ಹೊರಗೆ ಬನ್ನಿ, ರಸ್ತೆಗೆ ಹೋಗಿ, ಅನಿಲ ಬಿಟ್ಟಿದೆ!" ಬಾಗಿಲು ತೆರೆದವನೊಬ್ಬ ಸೊಂಟದ ಮೇಲೆ ಕೈಯಿಟ್ಟು ನಿಂತ. "ಸೊನ್ನೆ ಬರೆದೋರು ನೀವೇ ಅಲ್ವಾ? ನಾರ್ತಿದ್ದಾಗ ಇಲ್ಲ ಅಂದ್ರಿ. ಇವತ್ತು ಏನೂ ನಾರ್ತಿಲ್ಲ, ಇವತ್ತು ಇದೆ ಅಂತೀರಾ?"

"ಹೌದಪ್ಪ, ನಾನೇ. ನಾನೇ ಬರೆದಿದ್ದು. ಮಕ್ಕಳನ್ನ ಎತ್ಕೊಂಡು ನಡಿ, ಆಮೇಲೆ ಹೊಡಿ ಬೇಕಾದ್ರೆ."

ಅವನು ಮೇಷ್ಟ್ರ ಮುಖ ನೋಡಿದ. ಅಲ್ಲಿ ಏನು ಕಂಡಿತೋ, ಒಳಗೆ ತಿರುಗಿ ಹೆಂಡತಿಯನ್ನು ಕೂಗಿದ. ಆ ಕೂಗಿಗೆ ಅಕ್ಕಪಕ್ಕದ ಬಾಗಿಲೂ ತೆರೆದವು. ಜನ ಗೊಣಗುತ್ತ, ಕೆಮ್ಮುತ್ತ, ಕೈಗೆ ಸಿಕ್ಕಿದ್ದು ಹಿಡಿದುಕೊಂಡು ಬೀದಿಯತ್ತ ಹೊರಟರು.

ಕೊನೆಯ ಮನೆಯಲ್ಲಿ ಅಕ್ಕ ಗಂಜಿ ಹಾಕಿದ ಬಟ್ಟೆ ಹಿಂಡುತ್ತಿದ್ದಳು. ಕಣ್ಣು ಕೆಂಡದ ಹಾಗಿತ್ತು. ತಮ್ಮನನ್ನು ಕಂಡು ನಕ್ಕಳು, ಸೋತ ನಗು.

"ಬಾ. ನಿನ್ನ ಅದೃಷ್ಟ ನೋಡು, ಇವತ್ತೇ ಇಲ್ಲ. ಬೆಳಗ್ಗೆ ಎದ್ದಾಗ ತಡೆಯೋಕಾಗ್ತಿರಲಿಲ್ಲ, ಹತ್ತು ಗಂಟೆಗೆ ನಿಂತೋಯ್ತು. ಬರ್ಕೋ ನಿನ್ನ ಸೊನ್ನೆ, ಐದನೇದು."

"ಅಕ್ಕ, ನಡಿ. ಹೊರಗೆ ನಡಿ ಈಗಲೇ. ಭಾವ ಎಲ್ಲಿ?"

"ಮಷೀನ್ ಹತ್ರ ನಿದ್ದೆ ಮಾಡ್ತಿದಾರೆ. ಯಾಕೋ ತುಂಬ ಸುಸ್ತು ಅಂದ್ರು. ಏನಾಗಿದೆ ನಿನಗೆ?"

"ವಾಸನೆ ಇಲ್ಲ ಅಂದ್ಯಲ್ಲ, ಅದಕ್ಕೇ ನಡಿ."

"ತಲೆ ಕೆಟ್ಟಿದೆಯಾ? ಇದೆ ಇದೆ ಅಂತ ಎರಡು ವರ್ಷ ಬಡ್ಕೊಂಡೆ, ನೀನು ಇಲ್ಲ ಅಂದೆ. ಇವತ್ತು ನಾನೇ ಇಲ್ಲ ಅಂತೀನಿ, ಓಡು ಅಂತೀಯ. ನಾನು ಯಾವಾಗ ನಂಬ್ಲಿ ನಿನ್ನ?"

ಮೇಷ್ಟ್ರಿಗೆ ವಿವರಿಸಿ ಹೇಳುವಷ್ಟು ಉಸಿರಿರಲಿಲ್ಲ. "ನನ್ನ ನಂಬಬೇಡ," ಎಂದರು. "ಭಾವನ್ನ ಎಬ್ಬಿಸು ನೋಡೋಣ."

ಅಕ್ಕ ಹೋಗಿ ಗಂಡನ ಭುಜ ಅಲುಗಿಸಿದಳು. ಭಾವನ ತಲೆ ಯಂತ್ರದ ಮೇಲಿಂದ ಜಾರಿ ಒಂದು ಕಡೆಗೆ ವಾಲಿತು. ಅವಳು ಕಾಲು ಹಿಡಿದಳು, ಮೇಷ್ಟ್ರು ಕಂಕುಳಿಗೆ ಕೈಕೊಟ್ಟರು. ಬಾಗಿಲು ದಾಟಿ, ಮೆಟ್ಟಿಲಿಳಿದು, ನಲವತ್ತು ಮನೆಯ ಓಣಿಯುದ್ದಕ್ಕೂ ಇಬ್ಬರು ಮುದುಕರು ಮೂರನೆಯವರನ್ನು ಹೊತ್ತು ತಂದರು. ಅರ್ಧ ದಾರಿಯಲ್ಲಿ ಮೇಷ್ಟ್ರಿಗೆ ಕಣ್ಣು ಕತ್ತಲಿಟ್ಟಿತು. ಆಗಲೂ ಆ ಓಣಿಯ ಗಾಳಿ ಅವರ ಮೂಗಿಗೆ ಹಿತವಾಗಿಯೇ ಇತ್ತು. ಗಂಜಿ, ಈರುಳ್ಳಿ, ಬಿಸಿಲಿಗೆ ಕಾದ ಇಟ್ಟಿಗೆ. ಯಾರಾದರೂ ಆ ಗಳಿಗೆಯಲ್ಲಿ ನಿಲ್ಲಿಸಿ ಅಂಕ ಕೇಳಿದ್ದರೆ, ಅವರ ಕೈ ತಾನಾಗಿ ಬರೆಯುತ್ತಿದ್ದದ್ದು ಸೊನ್ನೆಯನ್ನೇ.

ಬೀದಿಯಲ್ಲಿ ಅಗ್ನಿಶಾಮಕದವರು ಬಂದಿದ್ದರು. ಭಾವನ ಮುಖಕ್ಕೆ ಗಾಳಿ ಕೊಳವೆ ಹಿಡಿದರು. ಕಾಲು ಗಂಟೆ ಅಕ್ಕ ಅವರ ಪಾದ ಉಜ್ಜುತ್ತಲೇ ಇದ್ದಳು. ಕೊನೆಗೆ ಭಾವ ಕೆಮ್ಮಿ ಕಣ್ಣು ಬಿಟ್ಟು, ಸುತ್ತ ನಿಂತ ಇಡೀ ಓಣಿಯನ್ನು ನೋಡಿ, "ಏನಾಯ್ತು, ಯಾರ ಮನೇಲಿ?" ಎಂದರು. ಕಾರ್ಖಾನೆಯ ಹಿಂಗೋಡೆಯ ಬುಡದಲ್ಲಿ ಕೊಳವೆಯೊಂದು ಬಿರುಕು ಬಿಟ್ಟಿದೆಯೆಂದೂ, ಅದು ಇವತ್ತಿನ ಬಿರುಕಲ್ಲವೆಂದೂ ಮುಖವಾಡದವನೊಬ್ಬ ಬಂದು ಹೇಳಿದ. ಯಂತ್ರ ಹೊರಟಿದೆ, ಸಂಜೆಯೊಳಗೆ ಬರುತ್ತದೆ ಎಂದು ಕನ್ನಡಕದವನು ಫೋನು ಮುಚ್ಚುತ್ತ ಹೇಳಿದ.

ಒಳ್ಳೆಯ ಗಾಳಿಯಲ್ಲಿ ಅಷ್ಟು ಹೊತ್ತು ಕೂತದ್ದಕ್ಕೋ ಏನೋ, ಅಕ್ಕ ಇದ್ದಕ್ಕಿದ್ದಂತೆ ತನ್ನ ತೋಳನ್ನು ಮೂಗಿಗೆ ತಂದುಕೊಂಡಳು. ಮುಖ ಕಿವುಚಿದಳು. ಪಕ್ಕಕ್ಕೆ ಬಾಗಿ ವಾಂತಿ ಮಾಡಿಕೊಂಡಳು. ಬೇಕರಿಯಮ್ಮ ನೀರು ಕೊಟ್ಟಳು. ಬಾಯಿ ತೊಳೆದುಕೊಂಡು ಬಂದ ಅಕ್ಕ ತಮ್ಮನ ಮುಂದೆ ಕುಕ್ಕರಿಸಿ, ಆ ತೋಳನ್ನೇ ಅವರ ಮೂಗಿಗೆ ಒತ್ತಿ ಹಿಡಿದಳು.

"ಈಗಲಾದ್ರೂ ಬಂತೇನೋ?"

ಮೇಷ್ಟ್ರು ಕಣ್ಣು ಮುಚ್ಚಿ ಎದೆತುಂಬ ಎಳೆದರು. ಬಂತು ಎಂದುಬಿಡಬಹುದಿತ್ತು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ, ಅದು ಸುಳ್ಳೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಗಂಜಿ ಬಂತು. ನೂಲು ಬಂತು. ಆರು ವರ್ಷದ ಹುಡುಗನಾಗಿ ಮುಖ ಹುದುಗಿಸುತ್ತಿದ್ದ ಅಕ್ಕನ ಮೈಯ ವಾಸನೆಯೂ ಬಂತು.

"ಇಲ್ಲಕ್ಕ," ಎಂದರು. "ಬರ್ಲಿಲ್ಲ."

ಅಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು. ಬೈಯಲಿಲ್ಲ. ಈ ತಮ್ಮನನ್ನು ಏನು ಮಾಡುವುದೆಂದು ತಿಳಿಯದವಳಂತೆ ಸುಮ್ಮನೆ ನೋಡಿದಳು. ಮೇಷ್ಟ್ರು ಜೇಬಿನಿಂದ ಹಾಳೆ ತೆಗೆದು ತೊಡೆಯ ಮೇಲೆ ಹರವಿದರು. ಪೆನ್ನಿನ ಮುಚ್ಚಳ ತೆಗೆದರು.

"ನೀನು ಹೇಳು, ಬರ್ಕೋತೀನಿ. ಸೊನ್ನೆಯಿಂದ ಐದರೊಳಗೆ ಎಷ್ಟು?"

ಅಕ್ಕ ಭಾವನ ಕಡೆ ನೋಡಿದಳು. ಅವರ ಬೆರಳಿಗೆ ಸುತ್ತಿದ ಬಟ್ಟೆ ಬಿಚ್ಚಿಕೊಂಡು ನೇತಾಡುತ್ತಿತ್ತು.

"ಐದಕ್ಕೇ ನಿಲ್ಸಿದಾರೇನೋ?" ಎಂದು ಕೇಳಿದಳು.